ಮಣ್ಣಪಳ್ಳದ ಹಕ್ಕಿಗಳನ್ನು ನೋಡಹೊರಟವರಿಗೆ

ಮಣಿಪಾಲದ ಮಣ್ಣಪಳ್ಳ ಕೆರೆಯ ಹಕ್ಕಿಗಳನ್ನು ನೋಡಲು ಯಾರೂ ‘ಪ್ಯಾಕೇಜ್’ ಕೊಳ್ಳಬೇಕಾಗಿಲ್ಲ. ಕೆರೆಯ ಸುತ್ತ ಸಾರ್ವಜನಿಕರು ನಡೆಯುವ ಹಾದಿಯಿದೆ, ಟೈಗರ್ ಸರ್ಕಲ್‌ನಲ್ಲಿ ಬಸ್ಸಿಳಿದವರು ನಡೆದೇ ಅಲ್ಲಿಗೆ ತಲುಪಬಹುದು. ಹೀಗಿದ್ದೂ ಈ ಚಳಿಗಾಲದಲ್ಲಿ ಮಂಗಳೂರಿನಿಂದ ಹೋದ ನಮಗೆ ಅಲ್ಲಿಯ ವಸತಿಗೃಹವೊಂದು ‘ಕೆರೆ ಕಾಣುವ ಕೋಣೆ, ಜೊತೆಗೆ ಪಕ್ಷಿವೀಕ್ಷಣೆ’ ಎಂದು ಹೇಳಿ ಒಂದು ರಾತ್ರಿಗೆ 2,800 ರೂಪಾಯಿ ಪಡೆಯಿತು. ಕಿಟಕಿ ತೆರೆದರೆ ಕಂಡದ್ದು ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ವಿಚಾರಿಸಿದಾಗ, ತಾರಸಿಗೆ ಹೋದರೆ ಕೆರೆ ಕಾಣುತ್ತದೆ ಎಂದರು. ತಾರಸಿಯ ಬಾಗಿಲಿಗೆ ಬೀಗ ಹಾಕಿತ್ತು.

ಹಣಕ್ಕಿಂತ ಹೆಚ್ಚು ನೋವಾದದ್ದು ಮರುದಿನ ಬೆಳಗಿನ ಹೊತ್ತು ಕೈತಪ್ಪಿದ್ದಕ್ಕೆ. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಇಲ್ಲಿ ಸೂರ್ಯೋದಯ 6.45ರಿಂದ 7 ಗಂಟೆಯ ನಡುವೆ ಆಗುತ್ತದೆ, ಹಕ್ಕಿಗಳ ಚಟುವಟಿಕೆ ಅದಕ್ಕೂ ಮೊದಲೇ ಆರಂಭವಾಗಿ ಬಿಸಿಲೇರುತ್ತಿದ್ದಂತೆ ಇಳಿಯುತ್ತದೆ. ನಮ್ಮನ್ನು ಕರೆದೊಯ್ಯಬೇಕಾಗಿದ್ದ ಮಾರ್ಗದರ್ಶಕ ಬಂದದ್ದು ತಿಂಡಿಯ ಬಳಿಕ, ಒಂಬತ್ತು ಗಂಟೆ ದಾಟಿದ ಮೇಲೆ. ಆ ವೇಳೆಗೆ ಮೌನವಾಗಿದ್ದ ಪೊದೆಗಳ ಮುಂದೆ ನಿಂತು ಆತ ಮೊಬೈಲಿಗೆ ಸಣ್ಣ ಸ್ಪೀಕರ್ ಜೋಡಿಸಿ ನವರಂಗ ಹಕ್ಕಿಯ ಕೂಗನ್ನು ಮತ್ತೆ ಮತ್ತೆ ನುಡಿಸತೊಡಗಿದ. ನಾವು ತಡೆದೆವು. ಉತ್ತರದ ಕಾಡುಗಳಲ್ಲಿ ಮರಿಮಾಡಿ, ಮಳೆಗಾಲ ಮುಗಿದ ಮೇಲೆ ದಕ್ಷಿಣಕ್ಕೆ ಬರುವ ಈ ಹಕ್ಕಿ ಚಳಿಗಾಲದಲ್ಲಿಯೂ ತನ್ನದೇ ಒಂದು ಜಾಗವನ್ನು ಕಾದುಕೊಂಡಿರುತ್ತದೆ. ಧ್ವನಿಮುದ್ರಿತ ಕೂಗನ್ನು ಕೇಳಿದಾಗ ಎದುರಾಳಿ ಬಂದಿದ್ದಾನೆಂದು ಭಾವಿಸಿ, ತರಗೆಲೆಗಳ ನಡುವೆ ಹುಳ ಹುಡುಕುವುದನ್ನು ಬಿಟ್ಟು ಬಯಲಿಗೆ ಬರುತ್ತದೆ. ಒಂದು ಚಿತ್ರಕ್ಕಾಗಿ ಅದರ ಹೊಟ್ಟೆಪಾಡನ್ನು ಕೆಡಿಸುವುದು ಅನ್ಯಾಯ. ನವರಂಗ ತಾನಾಗಿಯೇ ಕೂಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಆ ಹೊತ್ತಿನಲ್ಲಿ ಮರಗಳು ದಟ್ಟವಾಗಿರುವ ಬದಿಯಲ್ಲಿ ಸದ್ದಿಲ್ಲದೆ ನಿಲ್ಲಬಲ್ಲವರಿಗೆ ಯಾವ ಸ್ಪೀಕರೂ ಬೇಡ.

ಆದ್ದರಿಂದ ನನ್ನ ಸಲಹೆ, ಉಡುಪಿಯ ಬಸ್ ನಿಲ್ದಾಣದ ಆಸುಪಾಸಿನ ಸಾಧಾರಣ ಲಾಡ್ಜ್ ಒಂದರಲ್ಲಿ ತಂಗಿ, ಬೆಳಕು ಹರಿಯುವ ಮುನ್ನ ಆಟೋ ಹಿಡಿದು ಮಣ್ಣಪಳ್ಳಕ್ಕೆ ಹೋಗಿ. ದೂರ ಹೆಚ್ಚಿಲ್ಲ. ದರವನ್ನು ಹಿಂದಿನ ಸಂಜೆಯೇ ಮಾತನಾಡಿಕೊಂಡಿರುವುದು ಒಳ್ಳೆಯದು. ರೈಲಿನಲ್ಲಿ ಬರುವವರಿಗೆ ಇನ್ನೂ ಅನುಕೂಲ, ಏಕೆಂದರೆ ಇಂದ್ರಾಳಿಯ ನಿಲ್ದಾಣವು ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿಯೇ ಇದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಎಕ್ಸ್‌ಪ್ರೆಸ್ ಬಸ್ಸುಗಳು ಧಾರಾಳವಾಗಿವೆಯಾದರೂ, ಅದೇ ದಿನ ಹೊರಟು ಸೂರ್ಯೋದಯಕ್ಕೆ ಕೆರೆ ಸೇರುವ ಆಸೆ ಇಟ್ಟುಕೊಳ್ಳಬೇಡಿ.

ನಾವು ಎರಡನೆಯ ಬೆಳಗ್ಗೆ ಯಾರ ನೆರವೂ ಇಲ್ಲದೆ ಹೋದಾಗ ಕೆರೆ ಬೇರೆಯೇ ಆಗಿತ್ತು. ಜಲಸಸ್ಯಗಳ ಅಂಚಿನಲ್ಲಿ ಶಿಳ್ಳೆಬಾತುಗಳು ಒತ್ತಾಗಿ ಕುಳಿತಿದ್ದವು, ರಾತ್ರಿ ಮೇಯುವ ಇವು ಹಗಲಿನಲ್ಲಿ ವಿಶ್ರಮಿಸುವುದರಿಂದ ನಿಧಾನವಾಗಿ ನೋಡಲು ಸಿಗುತ್ತವೆ. ಹುಂಡುಕೋಳಿ, ನೀರುಕಾಗೆ, ಕೊಳದ ಬಕ, ಮಿಂಚುಳ್ಳಿಗಳು ವರ್ಷವಿಡೀ ಇಲ್ಲಿಯವೇ. ಚಳಿಗಾಲದ ಅತಿಥಿಗಳನ್ನು ಕಾಣಬೇಕಾದರೆ ನೀರನ್ನಷ್ಟೇ ನೋಡುತ್ತ ನಿಲ್ಲಬಾರದು. ಹೊನ್ನಕ್ಕಿ, ಬೂದು ಕಾಜಾಣ, ಬಾಲದಂಡೆಗಳು ಇರುವುದು ದಡದ ಮರಗಳಲ್ಲಿ, ಕವಲುತೋಕೆಗಳು ನೀರಿನ ಮೇಲೆ ಹಾರುತ್ತ ಕೀಟ ಹಿಡಿಯುತ್ತವೆ, ‘ಚೆಕ್, ಚೆಕ್’ ಎಂದು ಪೊದೆಯೊಳಗಿನಿಂದ ಬರುವ ಸದ್ದು ಮಧ್ಯ ಏಷ್ಯಾದ ಕಡೆಯಿಂದ ಬಂದ ಪುಟ್ಟ ಉಲಿಯಕ್ಕಿಯದು. ಅಷ್ಟು ದೂರದಿಂದ ಬಂದ, ಹಿಡಿಯಷ್ಟೂ ಇಲ್ಲದ ಜೀವವೊಂದು ನಮ್ಮೂರಿನ ಪೊದೆಯಲ್ಲಿದೆ ಎಂಬುದೇ ನನಗೆ ಈ ಪ್ರವಾಸದ ದೊಡ್ಡ ಸಂತೋಷ. ವಲಸೆ ಹಕ್ಕಿಗಳು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬರತೊಡಗಿ ಏಪ್ರಿಲ್ ಹೊತ್ತಿಗೆ ಮರಳುತ್ತವೆ. ಬೇಸಿಗೆ ಸಮೀಪಿಸಿ ನೀರು ಇಳಿದು ಕೆಸರು ತೋರಿದಾಗ ಗೊರವ ಹಕ್ಕಿಗಳನ್ನು ಹುಡುಕಬಹುದು.

ಜನಸಂದಣಿಯ ಬಗ್ಗೆಯೂ ಹೇಳಬೇಕು. ಬೆಳಗಿನ ವಾಯುವಿಹಾರಿಗಳು ಗುಂಪಾಗಿ, ಕೆಲವರು ಹಾಡು ಹಾಕಿಕೊಂಡೇ ನಡೆಯುತ್ತಾರೆ, ಭಾನುವಾರವಂತೂ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗದ್ದಲ ಸಹಿಸದವರು ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಬೇಕು. ಸಂಜೆಯನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಕೆರೆಯಿಂದ ಮರಳುವಾಗ ಒಳರಸ್ತೆಯೊಂದರಲ್ಲಿ ಹೆಂಚಿನ ಮಾಡಿನ, ಫಲಕವೂ ಇಲ್ಲದ ಪುಟ್ಟ ಹೋಟೆಲಿಗೆ ಹೋದೆವು. ಗಂಡ-ಹೆಂಡತಿ ಇಬ್ಬರೇ ನಡೆಸುವ ಅಲ್ಲಿ ನಾಲ್ಕು ಬೆಂಚುಗಳಿವೆ. ಬಾಳೆಲೆಯ ತುಂಡಿನ ಮೇಲೆ ಬಿಸಿ ಸಜ್ಜಿಗೆ, ಅದರ ಮಗ್ಗುಲಿಗೆ ತೆಂಗಿನತುರಿ ಕಲಸಿದ ಅವಲಕ್ಕಿ, ಮೇಲೆ ಕಡ್ಲೆ ಗಸಿ. ಅವಲಕ್ಕಿ ಮೆತ್ತಗಾಗುವ ಮುನ್ನ ತಿನ್ನಿರೆಂದು ಆಕೆಯೇ ಎಚ್ಚರಿಸಿದರು. ಬನ್ಸ್ ಒಳಗಿನಿಂದ ಉಬ್ಬಿ ಬಾಳೆಹಣ್ಣಿನ ಪರಿಮಳ ಬೀರುತ್ತಿತ್ತು, ಎಣ್ಣೆ ಕುಡಿದಿರಲಿಲ್ಲ. ನೀರುದೋಸೆಗೆ ಬೆಲ್ಲ ಬೆರೆಸಿದ ಕಾಯಿತುರಿಯನ್ನು ಕೇಳದೆಯೇ ತಂದಿಟ್ಟರು. ಕೊನೆಗೆ ಕೊತ್ತಂಬರಿ-ಜೀರಿಗೆಯ ಕಷಾಯ. ಇಬ್ಬರಿಗೆ ಒಟ್ಟು 130 ರೂಪಾಯಿ. ಕೆರೆಗೆ ಹೋಗುವ ದಾರಿ, ಯಾವ ಮರದಲ್ಲಿ ಹಾರ್ನ್‌ಬಿಲ್ ಬರುತ್ತದೆ ಎಂಬುದನ್ನೆಲ್ಲ ಆ ಯಜಮಾನರು ಪ್ರೀತಿಯಿಂದ ಹೇಳಿದರು. ಹಣ ಪಡೆದ ಮಾರ್ಗದರ್ಶಕನಿಗೆ ಅಷ್ಟು ತಿಳಿದಿರಲಿಲ್ಲ.

ಸಮಯವಿದ್ದರೆ ಮಲ್ಪೆಯ ಮೀನುಗಾರಿಕಾ ಬಂದರಿಗೂ ಹೋಗಬಹುದು. ಚಳಿಗಾಲದಲ್ಲಿ ಅಲ್ಲಿ ಕಡಲಕ್ಕಿಗಳೂ ಗರುಡಗಳೂ ದೋಣಿಗಳ ಮೇಲೆಯೇ ಸುತ್ತುತ್ತಿರುತ್ತವೆ. ಮೀನಿನ ವಾಸನೆ ಒಗ್ಗದವರು ಬಿಡಬಹುದು.

ಹೊರಡುವ ದಿನವನ್ನು ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ. ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯೋತ್ಸವ ನಡೆಯುತ್ತದೆ, ಪ್ರತಿವರ್ಷ ಮಕರ ಸಂಕ್ರಾಂತಿಯ ಆಸುಪಾಸಿನಲ್ಲಿ ಸಪ್ತೋತ್ಸವವಿರುತ್ತದೆ. ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದರ ಏರಿರುತ್ತದೆ. ಮಣಿಪಾಲದಲ್ಲಿ ವಿಶ್ವವಿದ್ಯಾಲಯದ ಘಟಿಕೋತ್ಸವ ನಡೆಯುವ ನವೆಂಬರಿನ ದಿನಗಳಲ್ಲಿಯೂ ಇದೇ ಪಾಡು. ಫೆಬ್ರವರಿಯ ಮೊದಲ ವಾರಗಳನ್ನು ಆರಿಸಿಕೊಂಡರೆ ಹಕ್ಕಿಗಳೂ ಇರುತ್ತವೆ, ಕೋಣೆಗಳೂ ಸುಲಭವಾಗಿ ಸಿಗುತ್ತವೆ.