ಕೀ ಸರಿಯಿತ್ತು, ಪಾತ್ ತಪ್ಪಿತ್ತು

12 ಮಾರ್ಚ್ 2025, ಬುಧವಾರ

ಎರಡು ದಿನ ತಲೆ ತಿಂದ ಸಮಸ್ಯೆ ಇವತ್ತು ಬಗೆಹರಿಯಿತು. ಮರೆಯುವ ಮುಂಚೆ ಬರೆದಿಡುತ್ತೇನೆ.

ಲಿನಕ್ಸ್ ಕರ್ನಲ್ (ಸಿಸ್ಟಮ್ಮಿನ ತಿರುಳು) 6.13ಕ್ಕೆ ಬಂದ ಮೇಲೆ ನಮ್ಮ ಡ್ರೈವರ್ ಮಾಡ್ಯೂಲ್, ಅಂದರೆ ಹಾರ್ಡ್‌ವೇರ್ ನಡೆಸಲು ಕರ್ನಲ್‌ಗೆ ಸೇರಿಸುವ ಕೋಡ್ ಫೈಲ್, ಲೋಡ್ ಆಗುತ್ತಿರಲಿಲ್ಲ. ಇದು ಕರ್ನಲ್ ಟ್ರೀಯ (ಕರ್ನಲ್ ಸೋರ್ಸ್ ಇರುವ ಫೋಲ್ಡರಿನ) ಹೊರಗೆ ಬಿಲ್ಡ್ ಆಗುವ ಮಾಡ್ಯೂಲ್. ಬಿಲ್ಡ್ ಮುಗಿಯುತ್ತಿತ್ತು, ಇನ್‌ಸ್ಟಾಲೂ ಆಗುತ್ತಿತ್ತು, ಇನ್ಸ್‌ಮಾಡ್ (ಲೋಡ್ ಮಾಡುವ ಕಮಾಂಡ್) ಕೊಟ್ಟರೆ ಮಾತ್ರ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’, ಅಂದರೆ ಕೀ ತಿರಸ್ಕರಿಸಲಾಗಿದೆ ಅನ್ನುವ ಎರರ್. ಅದನ್ನು ನಂಬಿ ಇಡೀ ಒಂದು ದಿನ ಮಾಡ್ಯೂಲಿಗೆ ಡಿಜಿಟಲ್ ಸಹಿ ಹಾಕುವ ಕೀ ಮೇಲೇ ಅನುಮಾನಪಟ್ಟೆ, ಹೊಸ ಕೀ ಮಾಡಿದೆ, ಕರ್ನಲ್ ಮತ್ತೆ ಬಿಲ್ಡ್ ಮಾಡಿದೆ, ಏನೂ ಬದಲಾಗಲಿಲ್ಲ.

ಆಮೇಲೆ ಮಾಡ್ಯೂಲ್ ಫೈಲಿನ ಕೊನೆಯ 28 ಬೈಟ್ ತೆಗೆದು ನೋಡಿದೆ. ಸಹಿ ಬಿದ್ದಿದ್ದರೆ ಅಲ್ಲಿ ‘~ಮಾಡ್ಯೂಲ್ ಸಿಗ್ನೇಚರ್ ಅಪೆಂಡೆಡ್~’ ಅಂತ ಇರಬೇಕು, ಅಲ್ವಾ? ಆ ಸಾಲೇ ಇರಲಿಲ್ಲ. ಅಂದರೆ ಸಹಿಯೇ ಬಿದ್ದಿಲ್ಲ! ಸಹಿ ಕಡ್ಡಾಯ ಮಾಡಿರುವ ಮೆಷಿನ್‌ನಲ್ಲಿ ಸಹಿ ಇಲ್ಲದ ಮಾಡ್ಯೂಲಿಗೂ ಕರ್ನಲ್ ಇದೇ ಎರರ್ ಕೊಡುತ್ತದೆ. ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ‘ಅನ್‌ಸೈನ್ಡ್ ಮಾಡ್ಯೂಲ್’ ಅಂತ ಸ್ಪಷ್ಟವಾಗಿಯೇ ಬಂದಿತ್ತು, ಮೊದಲು ಅದನ್ನು ಓದಬೇಕಿತ್ತು.

ಕಾರಣ ಹೀಗೆ. ಹೊರಗಿನ ಮಾಡ್ಯೂಲ್ ಬಿಲ್ಡ್ ಮಾಡುವಾಗ ಮೊದಲು ‘ಮೇಕ್’ (ಬಿಲ್ಡ್ ನಡೆಸುವ ಟೂಲ್) ಕರ್ನಲ್‌ನ ಔಟ್‌ಪುಟ್ ಫೋಲ್ಡರಿನಲ್ಲಿ ನಿಂತು ಕೆಲಸ ಮಾಡುತ್ತಿತ್ತು, 6.13ರಿಂದ ಮಾಡ್ಯೂಲಿನ ಫೋಲ್ಡರಿಗೇ ಹೋಗಿ ನಿಲ್ಲುತ್ತದೆ. ನಮ್ಮ ಟ್ರೀಯ ಮೇಕ್‌ಫೈಲ್‌ನಲ್ಲಿ ಕೀ, ಸರ್ಟಿಫಿಕೇಟ್ ಎರಡರ ಪಾತೂ (ಫೈಲ್ ಎಲ್ಲಿದೆ ಅನ್ನುವ ವಿಳಾಸ) ‘ಸರ್ಟ್ಸ್’ ಅಂತಲೇ ಶುರುವಾಗುತ್ತಿತ್ತು, ಅದರ ಮುಂದೆ ಯಾವ ಫೋಲ್ಡರಿನ ಹೆಸರೂ ಇರಲಿಲ್ಲ. ಹಾಗಾಗಿ ಅವನ್ನು ಡ್ರೈವರ್ ಫೋಲ್ಡರಿನಲ್ಲಿ ಹುಡುಕುತ್ತಿತ್ತು. ಕೀ ಅಲ್ಲಿ ಸಿಗದಿದ್ದರೆ ಸೋರ್ಸ್ ಟ್ರೀಯಲ್ಲಿ ನೋಡು ಅಂತ ಒಂದು ಸಾಲಿದೆ, ಆದರೆ ನಾವು ಔಟ್‌ಪುಟ್ ಫೋಲ್ಡರ್ ಬೇರೆ ಇಟ್ಟು ಬಿಲ್ಡ್ ಮಾಡುತ್ತೇವೆ, ಬಿಲ್ಡ್ ಸಮಯದಲ್ಲಿ ಹುಟ್ಟಿದ ಕೀ ಇರುವುದು ಆ ಫೋಲ್ಡರಿನಲ್ಲಿ. ಸೋರ್ಸ್‌ನಲ್ಲಿ ಎಲ್ಲಿಂದ ಬರಬೇಕು?

ಎರಡು ಪಾತಿಗೂ ಮುಂದೆ, ಔಟ್‌ಪುಟ್ ಫೋಲ್ಡರನ್ನು ತೋರಿಸುವ ಆಬ್ಜ್‌ಟ್ರೀ ವೇರಿಯೇಬಲ್ ಸೇರಿಸಿದೆ. ಅಷ್ಟೇ ಬದಲಾವಣೆ.

ಸಹಿ ಬೀಳದಿದ್ದರೂ ಇನ್‌ಸ್ಟಾಲ್ ಯಾಕೆ ನಿಲ್ಲಲಿಲ್ಲ ಅನ್ನುವುದೇ ನನಗೆ ಜಾಸ್ತಿ ಕಾಡಿದ್ದು. ಹೊರಗಿನ ಮಾಡ್ಯೂಲ್ ಆದರೆ ಸಹಿ ಹಾಕುವ ಸೈನ್-ಫೈಲ್ ಕಮಾಂಡಿನ ಕೊನೆಗೆ ‘ಆರ್ ಟ್ರೂ’ (ಕಮಾಂಡ್ ಸೋತರೂ ಗೆದ್ದಂತೆ ಲೆಕ್ಕ) ಇದೆ, ಸಹಿ ಬೀಳದಿದ್ದರೂ ಇನ್‌ಸ್ಟಾಲ್ ಮುಂದುವರಿಯುತ್ತದೆ. ಎರರ್ ಸಾಲು ಲಾಗ್‌ನಲ್ಲಿ ಇತ್ತು, ನೂರಾರು ಸಾಲುಗಳ ನಡುವೆ. ಆ ‘ಆರ್ ಟ್ರೂ’ ಕಿತ್ತುಹಾಕೋಣ ಅನಿಸಿತು, ಆದರೆ ಡಿಸ್ಟ್ರೋ ಜೊತೆ ಸಿದ್ಧವಾಗಿ ಬರುವ ಕರ್ನಲ್ ಬಳಸುವವರ ಹತ್ತಿರ ಸಹಿ ಹಾಕುವ ಪ್ರೈವೇಟ್ ಕೀ ಇರುವುದೇ ಇಲ್ಲ, ಅವರಿಗೆ ಇನ್‌ಸ್ಟಾಲ್ ನಿಂತರೆ ಕಷ್ಟ. ಅದಕ್ಕೆ ಆ ಸಾಲು ಹಾಗೇ ಬಿಟ್ಟು, ನಮ್ಮ ಸ್ಕ್ರಿಪ್ಟ್‌ನಲ್ಲಿ ಪ್ರತಿ ಮಾಡ್ಯೂಲಿನ ಆ 28 ಬೈಟ್ ನೋಡುವ ಚೆಕ್ ಹಾಕಿದೆ. ಸಂಜೆ ಹಳೇ ಮೇಕ್‌ಫೈಲ್ ಇಟ್ಟು ಓಡಿಸಿ ನೋಡಿದೆ, ಮೊದಲ ಮಾಡ್ಯೂಲಿನಲ್ಲೇ ನಿಂತಿತು.