ಜ್ವರವಿಲ್ಲದ ದಿನ ಡಾಕ್ಟರ ಬಳಿ

ಕಳೆದ ಏಪ್ರಿಲ್‌ನ ಒಂದು ಬೆಳಿಗ್ಗೆ, ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ದಾವಣಗೆರೆಯ ಮಕ್ಕಳ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಹೋದದ್ದು ಒಂದು ಸಹಿಗಾಗಿ ಮಾತ್ರ. ಬೇಸಿಗೆ ರಜೆಯ ಈಜು ಶಿಬಿರಕ್ಕೆ ಸೇರಿಸಿಕೊಳ್ಳಲು ಮಗು ಆರೋಗ್ಯವಾಗಿದೆ ಎಂಬ ಸರ್ಟಿಫಿಕೇಟ್ ಕೇಳಿದ್ದರು. ಟೋಕನ್ ಬರೆಯುವ ಹುಡುಗಿ ಎಂದಿನಂತೆ ‘ಏನ್ ತೊಂದ್ರೆ ಸರ್?’ ಎಂದಳು. ತೊಂದರೆ ಏನಿಲ್ಲವೆಂದು ತಿಳಿದ ಮೇಲೆ ಆ ಕಾಲಮ್ಮಿನಲ್ಲಿ ‘ಸರ್ಟಿಫಿಕೇಟ್’ ಎಂದೇ ಬರೆದುಕೊಂಡಳು. ಐದು ನಿಮಿಷದ ಕೆಲಸವೆಂದು ಸ್ಕೂಟರನ್ನು ಬಿಸಿಲಲ್ಲೇ ನಿಲ್ಲಿಸಿ ಬಂದಿದ್ದೆ.

ಡಾಕ್ಟರು ಕೂಡಲೇ ಸಹಿ ಹಾಕಲಿಲ್ಲ. ಅಂದು ಹೊರಗೆ ಹೆಚ್ಚು ಜನರಿರಲಿಲ್ಲ. ಇವನಿಗೆ ಜ್ವರವೂ ಇರಲಿಲ್ಲ, ಅಳುವೂ ಇರಲಿಲ್ಲ. ಚಪ್ಪಲಿ ಬಿಡಿಸಿ ಗೋಡೆಯ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಹಿಮ್ಮಡಿ ಗೋಡೆಗೆ ತಾಗಿದೆಯೇ ಎಂದು ಬಗ್ಗಿ ನೋಡಿದರು, ಗಲ್ಲವನ್ನು ಬೆರಳಿನಿಂದ ತುಸು ತಗ್ಗಿಸಿದರು, ತಲೆಯ ಮೇಲೆ ಪಟ್ಟಿಯನ್ನು ಕೂದಲು ಒತ್ತುವಂತೆ ಇಳಿಸಿ ಓದಿದರು. ಮತ್ತೆ ಅವನನ್ನು ಈಚೆ ಕರೆದು, ಇನ್ನೊಮ್ಮೆ ನಿಲ್ಲಿಸಿ ಓದಿದರು. 132 ಸೆಂಟಿಮೀಟರ್. ತೂಕ 34 ಕಿಲೋ. ಆಮೇಲೆ ನಾನು ಒಯ್ದಿದ್ದ ಹಳೆಯ ಫೈಲನ್ನು ಕೇಳಿ ಪಡೆದು, ಅದರಲ್ಲಿದ್ದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡರು.

ಆ ಚೀಟಿಗಳನ್ನು ನಾಲ್ಕು ವರ್ಷ ಜೋಪಾನವಾಗಿ ಕೂಡಿಟ್ಟವನು ನಾನೇ. ಜ್ವರ, ಕೆಮ್ಮು, ವಾಂತಿ–ಭೇದಿ, ಮತ್ತೆ ಜ್ವರ. ಪ್ರತಿಯೊಂದರ ಮೂಲೆಯಲ್ಲೂ ತೂಕ ಬರೆದಿತ್ತು, ಏಕೆಂದರೆ ಮಕ್ಕಳಿಗೆ ಪ್ಯಾರಾಸಿಟಮಾಲ್ ಸಿರಪ್ಪನ್ನು ಎಷ್ಟು ಎಂ.ಎಲ್. ಕೊಡಬೇಕೆಂಬುದು ಕಿಲೋ ಲೆಕ್ಕದಲ್ಲಿ ತೀರ್ಮಾನವಾಗುತ್ತದೆ. ಐದನೆಯ ವರ್ಷಕ್ಕೆ ಹದಿನೆಂಟೂವರೆ, ಆರಕ್ಕೆ ಇಪ್ಪತ್ತೊಂದು, ಏಳಕ್ಕೆ ಇಪ್ಪತ್ತೈದು, ಎಂಟಕ್ಕೆ ಇಪ್ಪತ್ತೊಂಬತ್ತೂವರೆ. ಔಷಧದ ಲೆಕ್ಕಕ್ಕೆ ಬರೆದ ಈ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಎತ್ತರವಂತೂ ಇಡೀ ಫೈಲಿನಲ್ಲಿ ಒಂದೇ ಕಡೆ ಇತ್ತು: ಐದನೆಯ ವರ್ಷದ ಬೂಸ್ಟರ್ ಹಾಕಿಸಿದ ದಿನ, 110 ಸೆಂಟಿಮೀಟರ್. ಇದರಲ್ಲಿ ಹಿಂದಿನ ಡಾಕ್ಟರುಗಳ ತಪ್ಪು ಹುಡುಕಲಾರೆ. ಮೈ ಸುಡುತ್ತಿರುವ ಮಗುವನ್ನು ಗೋಡೆಗೆ ನಿಲ್ಲಿಸಿ ಎತ್ತರ ನೋಡಿ ಎಂದು ನಾನೂ ಕೇಳಿರಲಿಲ್ಲ.

ಡಾಕ್ಟರು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯವರು 2015ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ನಕ್ಷೆಯನ್ನು ತೆಗೆದು ಪೆನ್ಸಿಲಿನಿಂದ ಎರಡು ಚುಕ್ಕೆ ಇಟ್ಟರು. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿ.ಎಂ.ಐ. ಐದನೆಯ ವಯಸ್ಸಿನಲ್ಲಿ 15.3 ಇದ್ದದ್ದು ಈಗ 19.5 ಆಗಿತ್ತು. ನಾನು ಗಣಿತದ ಮೇಷ್ಟರು. ಅಲ್ಲೇ ಮೊಬೈಲ್ ತೆಗೆದು ನೋಡಿ, ಹದಿನೆಂಟೂವರೆಯಿಂದ ಇಪ್ಪತ್ತೈದರೊಳಗೆ ಇದ್ದರೆ ಸರಿ ಎಂದಿದೆಯಲ್ಲ ಮೇಡಂ ಎಂದೆ, ಸ್ವಲ್ಪ ಜಾಣತನದ ದನಿಯಲ್ಲೇ. ಅದು ದೊಡ್ಡವರ ಲೆಕ್ಕ ಎಂದರು ಅವರು. ಮಕ್ಕಳಲ್ಲಿ ಇದೇ ಅಂಕಿ ವಯಸ್ಸಿನೊಂದಿಗೆ ಏರಿಳಿಯುತ್ತದೆ. ಹಾಲುಗಲ್ಲದ ದಿನಗಳ ಕೊಬ್ಬು ಕರಗುತ್ತ ಐದಾರು ವರ್ಷದ ಹೊತ್ತಿಗೆ ಅದು ತೀರ ಕೆಳಗಿಳಿದು, ಅಲ್ಲಿಂದ ನಿಧಾನವಾಗಿ ಮೇಲೇಳುತ್ತದೆ. ಹಾಗಾಗಿ ನಕ್ಷೆಯಲ್ಲಿ ಹದಿನೆಂಟನೆಯ ವಯಸ್ಸಿಗೆ 23ಕ್ಕೂ 27ಕ್ಕೂ ಹೋಗಿ ಮುಟ್ಟುವ ಎರಡು ಗೆರೆಗಳಿರುತ್ತವೆ. ಮೊದಲನೆಯದನ್ನು ದಾಟಿದರೆ ಅತಿತೂಕ, ಎರಡನೆಯದನ್ನು ದಾಟಿದರೆ ಬೊಜ್ಜು. ನನ್ನ ಮಗನ ಚುಕ್ಕೆ ಇವೆರಡರ ನಡುವೆ ಕುಳಿತಿತ್ತು. ಎಂಟನೆಯ ತರಗತಿಯ ಮಕ್ಕಳಿಗೆ ವರ್ಷವರ್ಷವೂ ನಕ್ಷೆ ಎಳೆಯುವುದನ್ನು ಕಲಿಸುವ ನಾನು ಮೊಬೈಲನ್ನು ಜೇಬಿಗೆ ಹಾಕಿಕೊಂಡೆ.

ಈ ಅಂಕಿ ಮೇಲೇಳಲು ಶುರುವಾಗುವುದು ಐದಾರನೆಯ ವಯಸ್ಸಿನಲ್ಲಿ, ಅದು ಅವಧಿಗೆ ಮುನ್ನವೇ ಅಥವಾ ಕಡಿದಾಗಿ ಏರತೊಡಗಿದರೆ ಎಚ್ಚರವಹಿಸಬೇಕು ಎಂದು ಅವರು ಹೇಳಿದಾಗ ನನಗೆ ಹೊಳೆದದ್ದು ಬೇರೆಯೇ ಸಂಗತಿ. ಸರ್ಕಾರದ ಲಸಿಕಾ ಪಟ್ಟಿಯಲ್ಲಿ ಐದಾರು ವರ್ಷದ ಬೂಸ್ಟರ್ ಆದ ಮೇಲೆ ಮುಂದಿನ ಚುಚ್ಚುಮದ್ದು ಇರುವುದು ಹತ್ತನೆಯ ವರ್ಷಕ್ಕೆ. ಅಂದರೆ ಯಾವ ವಯಸ್ಸಿನಲ್ಲಿ ಗೆರೆಯ ಮೇಲೆ ಕಣ್ಣಿಡಬೇಕೋ ಸರಿಯಾಗಿ ಅದೇ ವಯಸ್ಸಿನಲ್ಲಿ ನಾವು ಕಾಯಿಲೆಯಿಲ್ಲದೆ ಡಾಕ್ಟರ ಬಳಿ ಹೋಗುವುದನ್ನು ನಿಲ್ಲಿಸುತ್ತೇವೆ. ಅದಕ್ಕೂ ಮೊದಲು ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಇದ್ದದ್ದು ನಿಜ, ಆದರೆ ಅದನ್ನು ನಾವು ನೋಡುತ್ತಿದ್ದದ್ದು ಮಗು ಕೆಳಗೆ ಜಾರೀತೆಂಬ ಭಯದಿಂದಲೇ. ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಇರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ನನ್ನ ಮಗ ಓದುವುದು ಖಾಸಗಿ ಶಾಲೆಯಲ್ಲಿ. ಪ್ರಗತಿ ಪತ್ರದಲ್ಲಿ ಎತ್ತರ–ತೂಕದ ಕಾಲಮ್ ಇರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ತರಗತಿ ಶಿಕ್ಷಕನಾಗಿ ಆ ಕಾಲಮ್ಮನ್ನು ನಾನೂ ಎಷ್ಟೋ ವರ್ಷ ತುಂಬಿದ್ದೇನೆ. ಮಾರ್ಚ್ ತಿಂಗಳ ಅವಸರದಲ್ಲಿ ಹಿಂದಿನ ವರ್ಷದ ಅಂಕಿಗೆ ನಾಲ್ಕು ಸೆಂಟಿಮೀಟರ್, ಎರಡು ಕಿಲೋ ಕೂಡಿಸಿ ಬರೆದದ್ದೂ ಉಂಟು.

ಅನಂತರ ಡಾಕ್ಟರು ಮಕ್ಕಳಿಗೆಂದೇ ಇರುವ ಸಣ್ಣ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು, ರಾತ್ರಿ ಗೊರಕೆ ಹೊಡೆಯುತ್ತಾನೆಯೇ ಎಂದು ಕೇಳಿದರು, ಅಂಗಿಯ ಕಾಲರನ್ನು ಕೆಳಗೆಳೆದು ಕುತ್ತಿಗೆಯ ಹಿಂಭಾಗ ನೋಡಿದರು. ಅಲ್ಲಿ ಮಬ್ಬಾಗಿ ಕಪ್ಪು ಗೆರೆಗಳಿದ್ದವು, ಮುಟ್ಟಿದರೆ ಮಖಮಲ್ಲಿನ ಹಾಗೆ ತುಸು ದಪ್ಪ. ನನ್ನ ತಾಯಿ ಅದನ್ನು ಕೊಳೆಯೆಂದೇ ತಿಳಿದು ಒಂದು ವರ್ಷದಿಂದ ಪ್ರತಿ ಭಾನುವಾರ ಎಣ್ಣೆ ಹಚ್ಚಿ, ಕಡಲೆಹಿಟ್ಟು ಹಾಕಿ, ಹೀರೇಕಾಯಿ ನಾರಿನಿಂದ ಅವನು ‘ಉರಿಯುತ್ತೆ ಅಜ್ಜಿ’ ಎಂದು ಕಿರುಚುವಷ್ಟು ತಿಕ್ಕುತ್ತಿದ್ದರು. ಅದು ತಿಕ್ಕಿದರೆ ಹೋಗುವುದಲ್ಲ, ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಹಿಡಿಯದೆ ಹೆಚ್ಚು ಹೆಚ್ಚು ಸುರಿಯುತ್ತಿರುವುದರ ಗುರುತಿರಬಹುದು ಎಂದು ಡಾಕ್ಟರು ರಕ್ತಪರೀಕ್ಷೆ ಬರೆದರು. ನನ್ನ ತಂದೆಗೂ ಅಣ್ಣನಿಗೂ ಸಕ್ಕರೆ ಕಾಯಿಲೆ ಇರುವುದನ್ನು ಅವರು ಕೇಳುವ ಮೊದಲೇ ನಾನು ಹೇಳಿಬಿಟ್ಟೆ. ಮೂರು ದಿನದ ಬಳಿಕ ಬಂದ ವರದಿಯಲ್ಲಿ ಸಕ್ಕರೆ ಮಿತಿಯೊಳಗೇ ಇತ್ತು. ಆ ಮೂರು ದಿನ ನಾನು ಊಟ ಮಾಡಿದ್ದು ಅಷ್ಟಕ್ಕಷ್ಟೆ.

ಪಥ್ಯದ ದೊಡ್ಡ ಪಟ್ಟಿ ಕೊಡುತ್ತಾರೆಂದುಕೊಂಡಿದ್ದೆ. ಅವರು ಹೇಳಿದ್ದು, ತೂಕ ಇಳಿಸುವುದು ಬೇಡ, ತೂಕ ಇದ್ದಲ್ಲೇ ಇರಲಿ, ಹುಡುಗ ಎತ್ತರ ಬೆಳೆಯಲಿ ಎಂದು. ಬೆಳೆಯುವ ವಯಸ್ಸಿನವರಿಗಿರುವ ಅನುಕೂಲ ಅದು. ಅವನ ಎದುರಿಗೆ ದಪ್ಪ, ಗುಂಡ ಎಂಬ ಮಾತು ಬೇಡವೆಂದರು. ಬೆಳಿಗ್ಗೆ, ಸಂಜೆ ಹಾಲಿಗೆ ಏನು ಹಾಕುತ್ತೀರಿ ಎಂದು ಕೇಳಿದಾಗ ಮಾತ್ರ ನನಗೆ ಮುಜುಗರವಾಯಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂಥ ಪುಡಿಗಳನ್ನು ‘ಆರೋಗ್ಯ ಪೇಯ’ದ ವಿಭಾಗದಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ನಾನು, ನಮ್ಮ ಅಡುಗೆಮನೆಯ ಡಬ್ಬ ಮಾತ್ರ ಇದ್ದಲ್ಲಿಯೇ ಇತ್ತು, ಅದರ ಮೇಲೆ ಎರಡು ಚಮಚ ಸಕ್ಕರೆ ಬೇರೆ. ಟ್ಯೂಷನ್ನಿಗೆ ಹೋಗುವ ದಾರಿಯ ಬೇಕರಿಯಲ್ಲಿ ದಿನಾ ಪಫ್ಸ್ ಕೊಡಿಸುತ್ತಿದ್ದವನೂ ನಾನೇ. ಈಜು ಶಿಬಿರದ ಫಾರಂಗೆ ಅವರು ಆಗ ಸಹಿ ಹಾಕಿದರು, ಖುಷಿಯಿಂದಲೇ.

ಮನೆಯಲ್ಲಿ ಅಮ್ಮನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ‘ಉಂಡು ತಿಂದು ಬೆಳೆಯೋ ಹುಡುಗನ ತೂಕ ನೋಡ್ತಾರೇನಪ್ಪ, ದೃಷ್ಟಿ ಆಗುತ್ತೆ’ ಎಂದು ಸಂಜೆ ಉಪ್ಪು–ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕುತ್ತಿಗೆ ತಿಕ್ಕುವುದನ್ನು ಬಿಟ್ಟದ್ದೇ ದೊಡ್ಡದು. ಡಬ್ಬ ಖಾಲಿಯಾದ ಮೇಲೆ ಮತ್ತೆ ತರಲಿಲ್ಲ. ಟ್ಯೂಷನ್ ಬಿಡಿಸಿ ಆ ಒಂದು ಗಂಟೆಯನ್ನು ಬೀದಿಯ ಕ್ರಿಕೆಟ್ಟಿಗೆ ಕೊಟ್ಟೆವು. ಭಾನುವಾರದ ಬೆಣ್ಣೆದೋಸೆಯನ್ನು ಬಿಡಲು ದಾವಣಗೆರೆಯಲ್ಲಿ ಹುಟ್ಟಿದವರಿಂದ ಆಗುವುದಿಲ್ಲವಾದ್ದರಿಂದ ಅದನ್ನು ತಿಂಗಳಿಗೊಮ್ಮೆಗೆ ತಂದೆವು. ಜುಲೈನಲ್ಲಿ ಹೋದಾಗ ಎತ್ತರ 133.5, ತೂಕ 34.2. ಡಾಕ್ಟರು ಮೂರನೆಯ ಚುಕ್ಕೆ ಇಟ್ಟರು. ಅದು ಇನ್ನೂ ಅದೇ ಎರಡು ಗೆರೆಗಳ ನಡುವೆಯೇ ಇದೆ, ಆದರೆ ತುಸು ಕೆಳಗೆ.

ಮೊನ್ನೆ ಮತ್ತೊಮ್ಮೆ ಹೋದೆವು. ಟೋಕನ್ ಹುಡುಗಿ ‘ಏನ್ ತೊಂದ್ರೆ ಸರ್?’ ಎಂದಳು. ಏನೂ ಇಲ್ಲ, ಎತ್ತರ–ತೂಕ ನೋಡಿಸಲು ಬಂದೆವು ಎಂದೆ. ಜ್ವರ, ಕೆಮ್ಮು, ಶೀತ ಎಂದು ಸಾಲಾಗಿ ಬರೆದಿದ್ದ ಆ ಪುಸ್ತಕದ ಮೇಲೆ ಅವಳ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ನಮ್ಮ ಹೆಸರಿನ ಮುಂದೆ ‘ಸುಮ್ನೆ’ ಎಂದು ಬರೆದುಕೊಂಡಳು.