ಟಿವಿಯಲ್ಲಿ ಉಮಾಶ್ರೀ

ರಾತ್ರಿ ನಿದ್ದೆ ಬರದೆ ಸುಮ್ನೆ ಚಾನೆಲ್ ಬದಲಿಸುತ್ತಿದ್ದೆ. ಒಂದು ಹಳೇ ಸಿನಿಮಾದಲ್ಲಿ ಉಮಾಶ್ರೀ, ಎನ್.ಎಸ್. ರಾವ್ ಜೋಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣರಳಿಸಿ ಅವರು ಬಾಯಿ ತೆರೆದರೆ ಸಾಕು, ರಾವ್ ಥಂಡಾ! ಒಬ್ಬಳೇ ಕೂತು ಜೋರಾಗಿ ನಕ್ಕೆ.

ಚಿಕ್ಕವಳಿದ್ದಾಗ ಇವರು ಬರೀ ಕಾಮಿಡಿಗೆ ಅಂದುಕೊಂಡಿದ್ದೆ. ರಂಗಭೂಮಿಯಲ್ಲಿ ‘ಒಡಲಾಳ’ದ ಸಾಕವ್ವನಾಗಿ ಹೆಸರು ಮಾಡಿದವರು ಇವರೇ ಅಂತ ಆಮೇಲೆ ಗೊತ್ತಾಯಿತು. ‘ಗುಲಾಬಿ ಟಾಕೀಸ್’ ಸಿನಿಮಾದ ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. 2013ರಲ್ಲಿ ಮಂತ್ರಿಯೂ ಆದರು, ಅದು ಬಿಡಿ.

ನನಗೆ ಕಾಡುವುದು ಆ ಗುಲಾಬಿಯ ಮುಖ. ಟಿವಿ ಮುಂದೆ ಕೂತು ಮೈಮರೆಯುವ ಅದೇ ಅರಳುಗಣ್ಣು. ನಗಿಸುತ್ತಿದ್ದದ್ದೂ ಅದೇ ಕಣ್ಣು ಅಲ್ವಾ? ಎಷ್ಟು ವರ್ಷ ನಾವು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಅಷ್ಟರಲ್ಲಿ ಜಾಹೀರಾತು ಬಂತು.